ಗಿರಿಜಾಳ ಹೆಸರಿನಲ್ಲಿ ಒಳಗೆ ಹೋದದ್ದು

ಶಿಸ್ತಿನ ಮನುಷ್ಯ ತಪ್ಪು ಮಾಡುವುದಿಲ್ಲವೆಂದು ಜನ ತಿಳಿದಿದ್ದಾರೆ. ಮಾಡುತ್ತಾನೆ, ಆದರೆ ಶಿಸ್ತಿನಿಂದ ಮಾಡುತ್ತಾನೆ. ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿ ನಿವೃತ್ತನಾದವನು. ಟಿಳಕವಾಡಿಯ ನಮ್ಮ ಮನೆಯಲ್ಲಿ ಇಂದಿಗೂ ಹೊದಿಕೆ ಮಡಚಿ ಅಂಚಿಗೆ ಅಂಚು ಕೂಡದೆ ಬೆಳಗಿನ ಚಹಾ ಒಲೆಯೇರುವುದಿಲ್ಲ. ಅದಕ್ಕಿಂತ ಹಳೆಯ ಅಭ್ಯಾಸ ಇನ್ನೊಂದಿದೆ: ಹೆಸರು ಹೇಳದೆ ನಾನು ಯಾವ ಬಾಗಿಲನ್ನೂ ದಾಟುವುದಿಲ್ಲ. ಬೀಗರ ಮನೆಯ ಕದ ತೆರೆದೇ ಇದ್ದರೂ ಹೊಸ್ತಿಲ ಹೊರಗೆ ನಿಂತು ಪೂರ್ತಿ ಹೆಸರು ಹೇಳುತ್ತೇನೆ. ಅವರು ಒಳಗಿನಿಂದ, "ಗೊತ್ತೈತ್ರಿ ಮಾಸ್ತರ, ಬರ್ರಿ ಒಳಗ" ಎಂದು ಕೂಗುವವರೆಗೆ ಕಾಲೆತ್ತುವುದಿಲ್ಲ. ಈ ಸದ್ಗುಣವೇ ನನ್ನನ್ನು ಕೆಡಿಸಿತು.

ಆ ದಿನ ನನ್ನ ಹೆಂಡತಿ ಗಿರಿಜಾ ಖಾನಾಪುರದ ತನ್ನ ಅಕ್ಕನ ಮನೆಗೆ ಹೋಗಿದ್ದಳು. ಊಟ, ಪಾತ್ರೆ, ಪೇಪರು ಎಲ್ಲ ಮುಗಿದಿತ್ತು. ವಯಸ್ಕರ ವೆಬ್‌ಸೈಟುಗಳಿಂದ ಸಮಾಜ ಹೇಗೆ ಹಾಳಾಗುತ್ತಿದೆ ಎಂದು ಪೇಪರಿನಲ್ಲಿ ದೊಡ್ಡ ಲೇಖನವಿತ್ತು. ಹಾಳಾಗುವುದನ್ನು ಕಣ್ಣಾರೆ ನೋಡದೆ ಖಂಡಿಸುವುದು ನ್ಯಾಯವಲ್ಲ ಎನಿಸಿತು. ಜ್ಞಾನಾರ್ಜನೆಗೆ ಎಂದರೆ ನೀವು ನಗುತ್ತೀರಿ. ಕುತೂಹಲ ಎಂದೇ ಬರೆಯುತ್ತೇನೆ. ಅದಕ್ಕೆ ನಿವೃತ್ತಿಯ ವಯಸ್ಸನ್ನು ಯಾರೂ ಗೊತ್ತುಮಾಡಿಲ್ಲ. ಫೋನಿನಲ್ಲಿ ಹುಡುಕಿದೆ. ಬಾಗಿಲಲ್ಲೇ ಪ್ರಶ್ನೆ: ಹದಿನೆಂಟು ತುಂಬಿದೆಯೇ? ಇಷ್ಟು ಹುಮ್ಮಸ್ಸಿನಿಂದ ನಾನು ಯಾವ ಪ್ರಶ್ನೆಗೂ ಹೌದು ಎಂದವನಲ್ಲ. ಮುಂದೆ ಎರಡು ಗುಂಡಿ. ಒಂದು, ಸುಮ್ಮನೆ ನೋಡಿಕೊಂಡು ಹೋಗಿ. ಇನ್ನೊಂದು, ಫೋನಿನಲ್ಲಿ ಈಗಾಗಲೇ ಇರುವ ನಿಮ್ಮ ಖಾತೆಯಿಂದ ಒಳಗೆ ಬನ್ನಿ. ಬುದ್ಧಿ ಇದ್ದವರು ಮೊದಲನೆಯದನ್ನು ಒತ್ತುತ್ತಾರಂತೆ. ಹೆಸರು ಹೇಳದೆ ಒಳನುಗ್ಗುವುದು ಕಳ್ಳರ ಪದ್ಧತಿ ಎಂದು ನಾನು ಎರಡನೆಯದನ್ನು ಒತ್ತಿದೆ.

'ಸ್ವಾಗತ, ಗಿರಿಜಾ' ಎಂದು ಬಂತು. ಪಕ್ಕದಲ್ಲಿ ಇಳಕಲ್ ಸೀರೆಯ ಸೆರಗು ಹೊದ್ದು, ಹಣೆಗೆ ವಿಭೂತಿ ಧರಿಸಿ, ನನ್ನ ಹೆಂಡತಿ ನಗುತ್ತಿದ್ದಳು.

ನಮ್ಮ ಮನೆಯಲ್ಲಿ ಎಲ್ಲವೂ ಇಬ್ಬರಿಗೂ ಒಂದೇ. ಒಂದು ಪೇಪರು, ಒಂದು ಛತ್ರಿ, ಒಂದು ಖಾತೆ. 'ಅಕ್ಕನ ಬಳಗ' ಎಂಬ ನಮ್ಮ ಓಣಿಯ ಮಹಿಳಾ ಸಂಘದಲ್ಲಿ ಹೆಣ್ಣುಮಕ್ಕಳು ವಚನ ಹಾಡುವ ಫೋಟೋ ಹಾಕಲು ಅವಳ ಹೆಸರಿನಲ್ಲಿ ತೆರೆದದ್ದನ್ನೇ, ಇನ್ನೊಂದು ಯಾಕೆಂದು ನನ್ನ ಫೋನಿಗೂ ಹಾಕಿಸಿದವನು ನಾನು. ಆ ಪುಟದಲ್ಲಿ ಉಳಿದದ್ದೇನಿತ್ತೋ ನೋಡಲಿಲ್ಲ, ನಂಬುವವರು ನಂಬಲಿ. ಫೋನನ್ನು ಬೋರಲು ಹಾಕಿದೆ. ಟಿಂಗ್ ಎಂದಿತು. ಸದಸ್ಯೆಯಾದದ್ದಕ್ಕೆ ಅಭಿನಂದನೆಯ ಮೇಲ್! ಇಲ್ಲಿ ಟಿಂಗ್ ಎಂದದ್ದು ಖಾನಾಪುರದಲ್ಲಿ ಅವಳ ಫೋನಿನಲ್ಲೂ ಎಂದಿರಬೇಕು. ಅಷ್ಟರಲ್ಲಿ ಮೇಜಿನ ಮೇಲೆ ಕಣ್ಣುಬಿತ್ತು. ಗಿರಿಜಾ ಕನ್ನಡಕ ಮರೆತು ಹೋಗಿದ್ದಳು. ಕನ್ನಡಕವಿಲ್ಲದಾಗ ಅವಳು ಫೋನನ್ನು ಹತ್ತಿರ ಕುಳಿತವರ ಕೈಗೆ ಕೊಟ್ಟು, "ಏನ್ ಬಂದೈತಿ, ಜೋರಲೇ ಓದ್ರಿ" ಎನ್ನುವವಳು. ಅಕ್ಕನ ಮನೆಯ ಪಡಸಾಲೆಯಲ್ಲಿ ಆ ಮೇಲನ್ನು ಯಾರೋ ಕನ್ನಡದಲ್ಲಿ ಓದಿ, ನೆರೆಯವರಿಗೆ ಮರಾಠಿಯಲ್ಲಿ ಬಿಡಿಸಿ ಹೇಳುತ್ತಿರುವುದು ಕಣ್ಣಿಗೆ ಕಟ್ಟಿತು. ಬಳಗದ ಹೆಂಗಸರೆಲ್ಲ ಅವಳ ಮಾತಿಗೆ ಬೆಲೆ ಕೊಡುವವರು. ಆ ಹೆಸರಿಗೆ ನಾನು ಕುಳಿತಲ್ಲೇ ಮಸಿ ಬಳಿದಿದ್ದೆ.

ಕನ್ನಡಕವನ್ನು ಜೇಬಿಗೆ ಹಾಕಿ ಖಾನಾಪುರದ ಬಸ್ಸು ಹಿಡಿದೆ. ಪೀರನವಾಡಿಯಲ್ಲಿ ಬಸ್ಸು ನಿಂತದ್ದು ಹೊರಡಲೇ ಇಲ್ಲ. ನಾನು ಮೂರು ಸಲ ಎದ್ದು ಕುಳಿತದ್ದನ್ನು ನೋಡಿ ಕಂಡಕ್ಟರ್ ಕೇಳಿದ, "ಅರ್ಜೆಂಟ್ ಐತೇನ್ರಿ ಅಜ್ಜಾರ?"

ಜೇಬಿನ ಕನ್ನಡಕ ತೋರಿಸಿ, "ಹೆಂಡತಿಗೆ ಚಾಳೀಸು ಮುಟ್ಟಸಬೇಕಾಗೈತಿ" ಎಂದೆ.

"ಹಂಗಾರ ಆಂಬುಲೆನ್ಸ್ ಕರಸಬೇಕಿತ್ತಲ್ರಿ" ಎಂದು ಅವನು ಸೀಟಿ ಊದಿದ.

ಅಕ್ಕನ ಮನೆಯ ಹೊಸ್ತಿಲನ್ನು ಜೀವನದಲ್ಲಿ ಮೊದಲ ಸಲ ಹೆಸರು ಹೇಳದೆ ದಾಟಿದೆ. ಪಡಸಾಲೆಯಲ್ಲಿ ಅಕ್ಕನ ಸೊಸೆ ಸುಜಾತಾಳ ಕೈಯಲ್ಲಿ ಗಿರಿಜಾಳ ಫೋನಿತ್ತು. ನಾನು ಕನ್ನಡಕ ತೆಗೆದು ಗಿರಿಜಾಳ ಮುಂದೆ ಹಿಡಿದೆ.

"ಏನ್ರೀ ಇದು! ಚಾಳೀಸಿನ ಸಲುವಾಗಿ ಇಷ್ಟ ದೂರ ಬಂದ್ರಿ?" ಎಂದು ಗಿರಿಜಾ ಕೇಳಿದಳು.

"ಕಾಳಜಿ ನೋಡ್ ಅವರದು," ಎಂದರು ಅಕ್ಕ. "ನಮ್ಮನಿಯವರು ನಾ ಜಾರಿ ಬಿದ್ರೂ ಪೇಪರ್ ಕೆಳಗ ಇಡಂಗಿಲ್ಲ."

ಸುಜಾತಾ, "ಕಾಕಾ, ನೀರ ಕುಡೀಬರ್ರಿ" ಎಂದು ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದಳು. "ಗಿರಿಜಾ ಮಾವಶಿ ಆ ಮೇಲ್ ಓದು ಅಂದ್ರು. ಸೀರಿ ಅಂಗಡಿ ಜಾಹೀರಾತು ಅಂತ ಹೇಳೀನಿ. ಏನೋ ನೋಡಾಕ ಹೋಗಿ ಕೈ ತಪ್ಪಿ ಒತ್ತಿರಬೇಕು, ಹೌದಲ್ರಿ?" ಪ್ರಶ್ನೆಯನ್ನೂ ಅವಳೇ ಕೇಳಿ ಉತ್ತರವನ್ನೂ ಅವಳೇ ಕೈಗಿಟ್ಟಳು. ನಾನು ತಲೆಯಾಡಿಸಿದೆ. "ಬರೇ ಮೇಲ್ ಅಳಿಸಿದ್ರ ಸಾಲೂದಿಲ್ರಿ. ಅಲ್ಲಿ ಆಗಿರೋ ಸದಸ್ಯತ್ವ ತಗೀಬೇಕು, ನಮ್ಮ ಖಾತೆದಾಗ ಅವರಿಗೆ ಕೊಟ್ಟ ಪರವಾನಗೀನೂ ತಗೀಬೇಕು." ಎರಡನ್ನೂ ಮಾಡಿ ತೋರಿಸಿದಳು. "ಮಂದಿಗೆ ಕಾಣೂಹಂಗ ಅವರೇನೂ ಹಾಕಿಲ್ಲ, ಹೆದರಬ್ಯಾಡ್ರಿ. ಆದ್ರ ಹೆಸರು, ಫೋಟೋ, ಮೇಲ್ ವಿಳಾಸ ಅವರ ಕೈಗೆ ಹೋಗೇತಿ. ಇಟ್ಕೊಂಡಿದ್ರ ಕಸಕೊಳ್ಳಾಕ ಬರೂದಿಲ್ರಿ."

ಅವಳಿಗೆ ಕೈಮುಗಿಯಬೇಕೆಂದಿದ್ದೆ. ಅವಳು ಚಹಾದ ಕಪ್ಪನ್ನೂ ಅವಲಕ್ಕಿಯ ತಟ್ಟೆಯನ್ನೂ ಕೊಟ್ಟು, ಮುಗಿಯಲು ಕೈಯೇ ಇಲ್ಲದಂತೆ ಮಾಡಿದಳು. ಆ ಋಣ ಹಾಗೆಯೇ ಉಳಿದಿದೆ.

ಸಂಜೆಯ ಬಸ್ಸಿನಲ್ಲಿ ಗಿರಿಜಾ ಕನ್ನಡಕವನ್ನು ಸೆರಗಿನಿಂದ ಒರೆಸುತ್ತ ಕುಳಿತಿದ್ದಳು. ಊರು ಹತ್ತಿರವಾದಾಗ ಹೇಳಿದಳು, "ಚಾಳೀಸಿಲ್ಲಂದ್ರ ನನಗ ಅಕ್ಷರ ಕಾಣೂದಿಲ್ಲ, ಖರೇ. ಆದ್ರ ಆ ಮೇಲ್‌ದಾಗ ಅವರು ಹಚ್ಚಿದ್ದ ಚಿತ್ರ ಭಾಳ ದೊಡ್ಡವಿದ್ದೂವ್ರಿ."

ನಾನು ಬಸ್ಸಿನ ಟಿಕೀಟನ್ನು ಅಂಚಿಗೆ ಅಂಚು ಕೂಡಿಸಿ ಮಡಚತೊಡಗಿದೆ.

"ಎಲ್ಲಿಗ್ಯಾದ್ರೂ ಹೋಗ್ರಿ, ನಿಮ್ಮ ಹೆಸರಲೇ ಹೋಗ್ರಿ. ನನ್ನ ಯಾಕ ಕರಕೊಂಡು ಹೋಗ್ತೀರಿ?"

ಅಷ್ಟೇ. ಮನೆ ಮುಟ್ಟಿದ ಮೇಲೆ ಆ ಮಾತೇ ಇಲ್ಲ. ಊಟಕ್ಕೆ ಬಿಸಿ ರೊಟ್ಟಿ ಬಂತು, ಎಂದಿನಂತೆ ಮೊದಲು ನನ್ನ ತಟ್ಟೆಗೆ. ಅಂಥ ರುಚಿಯ ರೊಟ್ಟಿಯನ್ನು ನಾನು ತಿಂದದ್ದು ನೆನಪಿಲ್ಲ.

ಮರುದಿನವೇ ನನ್ನದೇ ಖಾತೆ ತೆರೆದೆ. ಹೆಸರಿನ ಜಾಗಕ್ಕೆ ಬರೀ ಎರಡು ಇನಿಶಿಯಲ್, ಫೋಟೋದ ಜಾಗ ಖಾಲಿ. ಗಿರಿಜಾ ಬಳಗದ ಫೋಟೋ ಹಾಕಿದಾಗಲೆಲ್ಲ ಮೊದಲ ಮೆಚ್ಚುಗೆ ನನ್ನದು. ಹೊಸ್ತಿಲಲ್ಲಿ ನಿಂತು ಪೂರ್ತಿ ಹೆಸರು ಕೂಗುವ ಮಾಸ್ತರನ ಬದಲು ಅಲ್ಲಿ ಮುಖವಿಲ್ಲದ ಬೂದು ತಲೆಯೊಂದು ಕಾಣುತ್ತದೆ. "ಇವರ್ಯಾರ್ರಿ ಗಿರಿಜಕ್ಕಾ, ದಿನಾ ಬಂದು ಮೆಚ್ಚತಾರ?" ಎಂದು ಬಳಗದವರು ಕೇಳಿದರೆ ಅವಳು ನನ್ನ ಕಡೆ ನೋಡದೆಯೇ ಹೇಳುತ್ತಾಳೆ:

"ಯಾರೋ ಪಾಪ. ಭಾಳ ಶಿಸ್ತಿನವರು."