ಕುಮಟೆ ಮದುವೆಗೆ ಹತ್ಯಾರದ ಚೀಲ

ಹೆಂಡತಿ ಇಲ್ಲದೆ ಮದುವೆಮನೆಗೆ ಹೋಗಬಹುದು, ರಿಪೇರಿಯ ಹತ್ಯಾರ ಇಲ್ಲದೆ ಮೋಟಾರ್ ಸೈಕಲ್ ಏರಬಾರದು ಎಂಬುದು ನನ್ನ ದೃಢ ಸಿದ್ಧಾಂತವಾಗಿತ್ತು. ಅರವತ್ತರ ದಶಕದ ಆರಂಭ. ಭಟ್ಕಳದಲ್ಲಿ ಗುಮಾಸ್ತನಾಗಿದ್ದ ನಾನು ಹಳೆಯದೊಂದು ಮೋಟಾರ್ ಸೈಕಲ್ ಕೊಂಡಿದ್ದೆ. ಹೆಂಡತಿ ಸಾವಿತ್ರಿಯ ತಮ್ಮನ ಮದುವೆ ಕುಮಟೆಯಲ್ಲಿ, ಹೆಣ್ಣಿನ ಮನೆಯಲ್ಲಿ. ಹೊರಡುವ ಮುಂಚೆ ಗೋಣಿಚೀಲಕ್ಕೆ ಪಾನಾ, ಇಕ್ಕಳ, ಸುತ್ತಿಗೆ, ಗರಗಸ, ಉಳಿ ಎಲ್ಲ ತುಂಬಿದೆ.

“ಉಳಿ ಎಂತಕ್ಕೆ? ಗಾಡಿಗೆ ಬಾಗಿಲು ಕೂರಿಸೂಕಾ?” ಎಂದಳು ಸಾವಿತ್ರಿ.

“ದಾರಿ ಮೇಲೆ ಎಂತ ಆಗ್ತದೆ ಹೇಳೂಕಾಗ್ತದಾ?”

“ಹಂಗಾರೆ ಗಾಳಿ ಹಾಕೋ ಪಂಪು?”

“ಸಮುದ್ರದ ಬದಿಯಲ್ಲಿ ಗಾಳಿಗೆ ಬರವಾ?” ಎಂದು ನಕ್ಕೆ. ಆ ದಿನ ನಾನು ನಕ್ಕದ್ದು ಅದೊಂದೇ ಸಲ!

ಚೀಲವನ್ನು ಹಿಂದಿನ ಚಕ್ರದ ಪಕ್ಕ ತೂಗುಹಾಕಿ ಹೊರಟೆವು. ಹೊನ್ನಾವರದ ಹೊಳೆಗೆ ಆಗಿನ್ನೂ ಸೇತುವೆ ಇರಲಿಲ್ಲ. ಗಾಡಿಯನ್ನು ದೋಣಿಗೆ ಏರಿಸಿ ದಾಟಿದೆವು. ಕರ್ಕಿ ಹಿಂದಾಯಿತು. ಸ್ವಲ್ಪದರಲ್ಲೇ “ಢಂ!”

ಇಳಿದು ನೋಡಿದರೆ, ಉಳಿ ಗೋಣಿಯನ್ನು ಹರಿದು ಹೊರಬಂದು ಟಯರಿಗೆ ಚುಚ್ಚಿತ್ತು. ಸುಮ್ಮನೆ ಓಡುತ್ತಿದ್ದ ಗಾಡಿಯನ್ನು ರಿಪೇರಿ ಸಾಮಾನೇ ಕೆಡಿಸಿತ್ತು!

ಚಕ್ರ ಬಿಚ್ಚಿದೆ. ಟ್ಯೂಬಿಗೆ ತೇಪೆ ಹಾಕಿದೆ. ಮೈಯೆಲ್ಲ ಮಸಿ, ಎಣ್ಣೆ. ಉಳಿದದ್ದು ಗಾಳಿ ಮಾತ್ರ. ಸಮುದ್ರದ ಗಾಳಿ ನನ್ನ ಟೊಪ್ಪಿಯನ್ನು ಗದ್ದೆಗೆ ಹಾರಿಸಿತೇ ಹೊರತು ಟ್ಯೂಬಿನೊಳಗೆ ಒಂದು ಉಸಿರೂ ಹೋಗಲಿಲ್ಲ.

ಅಷ್ಟರಲ್ಲಿ ಕುಮಟೆ ಬಸ್ಸು ಬಂತು. “ನೀವು ಗಾಳಿ ಹಿಡ್ಕಂಡು ಬನ್ನಿ, ನಾ ಹೋಗ್ತೆ” ಎಂದು ಸಾವಿತ್ರಿ ಹತ್ತಿಯೇಬಿಟ್ಟಳು.

ನಾನು ಮೋಟಾರ್ ಸೈಕಲ್ಲನ್ನು ದಾರಿಯಲ್ಲಿ ಸಿಕ್ಕ ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು, ಹೆಗಲಿಗೆ ಹತ್ಯಾರದ ಚೀಲ ಹಾಕಿಕೊಂಡು ಚಪ್ಪರದ ಮುಂದೆ ಇಳಿದಾಗ ತಾಳಿ ಕಟ್ಟಿಯಾಗಿತ್ತು. ಹೆಣ್ಣಿನ ಅಪ್ಪ ಓಡಿಬಂದರು.

“ಅಂತೂ ಬಂದ್ಯಾ ಮಾರಾಯ! ಬಾವಿ ರಾಟೆ ತಿರುಗೂದೇ ಇಲ್ಲ, ಅಡುಗೆಗೆ ನೀರಿಲ್ಲ. ಹಿತ್ತಲಿಗೆ ಹೋಗು!”

“ನಾನು ರಿಪೇರಿಯವನಲ್ಲ, ಸಾವಿತ್ರಿಯ ಗಂಡ” ಎಂದೆ, ಸಾಧ್ಯವಾದಷ್ಟು ಗಾಂಭೀರ್ಯದಿಂದ.

ಅವರು ನಂಬದೆ ಸಾವಿತ್ರಿಯತ್ತ ತಿರುಗಿದರು. “ಹೌದನೇ ತಂಗಿ?”

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಮೊದಲು ರಾಟೆ ಸರಿ ಮಾಡ್ಲಿ. ಆಮೇಲೆ ಹೇಳ್ತೆ.”

ಮಾನದ ಪ್ರಶ್ನೆ! ಬಾವಿಕಟ್ಟೆ ಏರಿ ಸುತ್ತಿಗೆಯಿಂದ ಒಂದೇ ಏಟು ಕೊಟ್ಟೆ. ರಾಟೆ ತಿರುಗಿತು, ಕಳಚಿತು, “ಬುಳುಂ” ಎಂದು ಬಾವಿಗೆ ಬಿತ್ತು. ಹಿಂದೆಯೇ ಸುತ್ತಿಗೆಯೂ.

ಎಲ್ಲರೂ ಬಾವಿಗೆ ಇಣುಕಿದರು. ಸಾವಿತ್ರಿ ನಿಟ್ಟುಸಿರು ಬಿಟ್ಟಳು. “ಹೌದು, ಇವರೇ ನನ್ನ ಗಂಡ. ಇಷ್ಟು ಚಂದ ಹಾಳು ಮಾಡೂಕೆ ಬೇರೆಯವರಿಗೆ ಬರೂದಿಲ್ಲ.”

ಹೀಗೆ ಬೀಗರಲ್ಲಿ ನನ್ನ ಗುರುತು ಖಾತ್ರಿಯಾಯಿತು. ಕೊನೆಯ ಪಂಕ್ತಿ ಏಳುವ ತನಕ ಬರಿಗೈಯಲ್ಲಿ ಹಗ್ಗ ಹಿಡಿದು ನೀರು ಸೇದಿದ ಗಣ್ಯ ಅತಿಥಿ ನಾನೇ!