ನಿಂತಾಗ ಹತ್ತುವ ದೀಪ

ಒಂದು ಮನೆಯಲ್ಲಿ ಇಬ್ಬರಿದ್ದರೆ ಮಾತು ತಾನಾಗಿಯೇ ಹುಟ್ಟುತ್ತದೆ ಎಂದು ನಂಬಿದವರು ಪಾಳಿ ಕೆಲಸದವರನ್ನು ಮದುವೆಯಾಗಿ ನೋಡಬೇಕು. ನಮ್ಮವರು ನಮ್ಮ ರಾಯಚೂರಿಗೆ ಹತ್ತಿರದ ಶಕ್ತಿನಗರದ ಕಡೆ ವಿದ್ಯುತ್ ಕೇಂದ್ರದಲ್ಲಿದ್ದಾರೆ. ನಾನು ಏಳುವ ಹೊತ್ತಿಗೆ ಅವರು ಮಲಗುತ್ತಾರೆ, ಅವರು ಏಳುವ ಹೊತ್ತಿಗೆ ನಾನು ಬಟ್ಟೆ ಒಣಹಾಕಲು ಮಾಳಿಗೆ ಹತ್ತಿರುತ್ತೇನೆ. ಊರಿಗೆಲ್ಲ ಬೆಳಕು ಕೊಡುವವರ ಮನೆಯಲ್ಲಿ ಹಗಲಿಡೀ ಪರದೆ ಎಳೆದ ಕತ್ತಲೆ. ಕುಕ್ಕರ್ ಸೀಟಿ ಹೊಡೆಯಬಾರದು, ಮಿಕ್ಸರ್ ತಿರುಗಬಾರದು, ಹಾಲಿನವನು ಬಾಗಿಲು ಬಡಿಯದೆ ಕೆಮ್ಮಬೇಕು, ಅದೂ ಒಂದೇ ಸಲ. ಒಗ್ಗರಣೆಯ ಸಾಸಿವೆಗೂ ‘ಮೆಲ್ಲಗೆ ಸಿಡಿಯವ್ವಾ’ ಎಂದು ಪಿಸುಗುಡುವ ಅಭ್ಯಾಸ ನನಗಾಗಿದೆ. ನಮ್ಮಿಬ್ಬರ ಮಾತುಕತೆ ನಡೆಯುವುದು ತಟ್ಟೆಯ ಮೂಲಕ. ಪಲ್ಯ ಉಳಿದಿದ್ದರೆ ಉಪ್ಪು ಹೆಚ್ಚಾಗಿದೆ ಎಂದರ್ಥ. ತಟ್ಟೆ ತೊಳೆದು ಬೋರಲು ಹಾಕಿದ್ದರೆ ಅಂದು ನನ್ನ ಮೇಲೆ ಪ್ರೀತಿ ಬಂದಿದೆ ಎಂದರ್ಥ. ಹೀಗೆ ಸ್ಟೀಲಿನ ಭಾಷೆಯಲ್ಲಿ ಸಂಸಾರ ಮಾಡಿಕೊಂಡು ಬಂದವಳು ನಾನು.

ಗಟ್ಟಿಯಾಗಿ ಉಸಿರಾಡಲು ನನಗಿರುವ ಒಂದೇ ಜಾಗ ಎಂದರೆ ನಮ್ಮ ಜೀಪು. ಇದು ಮಾವನವರ ಕಾಲದ್ದು. ಅವರು ಮಸರಕಲ್ ಹೊಲಕ್ಕೆ ಹೋಗಿ ಬರಲು ಇಟ್ಟುಕೊಂಡಿದ್ದರು. ಈಗ ಹೊಲ ಲಾವಣಿಗೆ, ಎಂದರೆ ಗುತ್ತಿಗೆಗೆ ಹೋಗಿದೆ, ಜೀಪು ನನ್ನ ಪಾಲಿಗೆ ಬಂದಿದೆ. ಕಾನ್ವೆಂಟಿನಲ್ಲಿ ಕಾಲು ಸದ್ದಾಗದಂತೆ ನಡೆಯಲು ಕಲಿತ ಹುಡುಗಿ ಇಂಥ ಡೀಸೆಲ್ ರಾಕ್ಷಸನನ್ನು ಓಡಿಸುತ್ತಾಳೆಂದು ನಮ್ಮ ಸಿಸ್ಟರ್ ಕೇಳಿದ್ದರೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ಗುರುವಾರಕ್ಕೊಮ್ಮೆ ಇದರಲ್ಲಿ ಮಾನ್ವಿಗೆ, ಅಕ್ಕನ ಮನೆಗೆ ಹೋಗುತ್ತೇನೆ. ಬಸ್ಸಿಲ್ಲವೇ ಎಂದು ನೀವು ಕೇಳಬಹುದು. ಬೇಕಾದಷ್ಟಿವೆ. ಆದರೆ ಬಸ್ಸಿನಲ್ಲಿ ಒಬ್ಬಳೇ ಹಾಡಲಾದೀತೇ? ‘ಏನ್ ತಿಳ್ಕೊಂಡಾರ ಇವ್ರು’ ಎಂದು ಗಟ್ಟಿಯಾಗಿ ಬೈಯಲಾದೀತೇ? ಜೀಪಿನಲ್ಲಿ ಎಲ್ಲವೂ ಆಗುತ್ತದೆ. ಎಷ್ಟು ಕೂಗಿದರೂ ಅದು ನನಗಿಂತ ಒಂದು ಸುತ್ತು ಹೆಚ್ಚೇ ಕೂಗುತ್ತದೆ. ಉತ್ತರ ಕೊಡುವವರೊಡನೆ ಜಗಳವಾಡುವ ಸುಖವೇ ಬೇರೆ.

ಅಂಥ ಜೀಪಿನ ಮುಂದಿನ ಫಲಕದಲ್ಲಿ ಒಂದು ದಿನ ಕೆಂಪು ದೀಪ ಹತ್ತಿತು. ದೀಪದ ಮೇಲೆ ಪುಟ್ಟ ಚಿತ್ರವಿದೆ. ನಮ್ಮಜ್ಜಿಯ ಗಿಂಡಿಯ ಹಾಗೆ, ಮೂತಿಯಿಂದ ಒಂದು ಹನಿ ಬೀಳುತ್ತಿರುವಂತೆ. ಇಂಜಿನ್ನಿನೊಳಗೆ ಎಣ್ಣೆಯ ಒತ್ತಡ ಇಳಿದಿದೆ ಎಂದು ಅದರ ಸಂದೇಶ. ಗಾಡಿ ಓಡುವಾಗ ದೀಪ ಇರುವುದಿಲ್ಲ. ಮಾನ್ವಿ ದಾರಿಯ ಕಲ್ಮಲಾ ದಾಟಿ ಬಿಸಿಯಾದ ಮೇಲೆ ಎಲ್ಲಾದರೂ ನಿಲ್ಲಿಸಿದೆನೋ, ಗಿಂಡಿ ಕೆಂಪಗೆ ಮಿಣುಕುತ್ತದೆ. ನಾನು ಬಾನೆಟ್ ಎತ್ತಿ, ಉಡಿ ತುಂಬುವಾಗ ಬಂದು ಯಾರಿಗೂ ಬೇಡವಾಗಿದ್ದ ಬ್ಲೌಸ್ ಪೀಸಿನಿಂದ ಎಣ್ಣೆ ಅಳೆಯುವ ಕಡ್ಡಿ ಒರೆಸಿ ನೋಡಿದೆ. ಎಣ್ಣೆ ಗೆರೆಯವರೆಗೂ ಇತ್ತು. ಎಂದಿನ ಕಾಡಿಗೆ ಕಪ್ಪು ಹೋಗಿ ತುಸು ತಿಳಿಯಾಗಿತ್ತು, ಕಡ್ಡಿಯಿಂದ ಸರಸರ ಇಳಿಯುತ್ತಿತ್ತು. ಪರವಾಗಿಲ್ಲ, ಈಚೆಗೆ ಸ್ವಚ್ಛವಾಗಿದೆ ಎಂದು ಮೆಚ್ಚಿ ಕಡ್ಡಿ ವಾಪಸು ತೂರಿಸಿದೆ. ರೋಗದ ಗುರುತನ್ನೇ ಆರೋಗ್ಯವೆಂದು ಮೆಚ್ಚುವುದು ನನ್ನ ಹಳೆಯ ಗುಣ.

ದೇವದುರ್ಗದ ನಾದಿನಿ ಫೋನ್ ಮಾಡಿದಾಗ ತಡೆಯಲಾರದೆ, “ಪ್ರೆಶರ್ ಕಡಿಮೆ ಆಗೇದವ್ವಾ” ಎಂದುಬಿಟ್ಟೆ.

“ಅಯ್ಯ, ಏನ್ ವೈನೀ! ಮೊದ್ಲ ಕುಂದರ್ರಿ. ನಿಂಬಿಹಣ್ಣಿನ ಪಾನಕಕ್ಕ ಉಪ್ಪು ಹಾಕ್ಕೊಂಡು ಕುಡೀರಿ. ಊಟ ಮಾಡೀರಿಲ್ಲೋ? ಕಣ್ಣಿಗೆ ಕತ್ತಲಿ ಬರ್ತದೇನು?”

ಜೀಪಿನದು ಎಂದು ತಕ್ಷಣ ಹೇಳಬೇಕಿತ್ತು. ಆದರೆ ಊಟ ಮಾಡಿದಿರಾ ಎಂದು ಅಷ್ಟು ಗಾಬರಿಯಿಂದ ನನ್ನನ್ನು ಯಾರಾದರೂ ಕೇಳಿ ಬಹಳ ದಿನವಾಗಿತ್ತು. ‘ನಿಂತಾಗ ಅಷ್ಟೇ, ಓಡಾಡಿದರೆ ಸರಿ ಹೋಗ್ತದ’ ಎಂದು ಸ್ವಲ್ಪ ಹೊತ್ತು ಎಳೆದೆ. ಕೊನೆಗೆ ನಿಜ ಹೇಳಿದಾಗ, “ಥೋ, ಆ ಡಕೋಟಾ ಜೀಪಿಗೇನ್ರಿ! ನನ್ನ ಎದಿ ಒಡಿಸಿದ್ರಲ್ಲ” ಎಂದು ಬೈದಳು. ಹಿಂದಿನಿಂದ ಅವಳ ಗಂಡನ ದನಿ ಬಂತು: “ಎಣ್ಣಿ ಪಂಪ್ ಹೋಗ್ಯಾದ ಅಂತ ಹೇಳು.” ಅವರು ಗೊಬ್ಬರದ ಅಂಗಡಿ ಇಟ್ಟವರು. ಜೀಪನ್ನು ದೇವದುರ್ಗದಿಂದಲೇ ಪರೀಕ್ಷಿಸಿಬಿಟ್ಟಿದ್ದರು.

ಮುಂದಿನ ಗುರುವಾರ ಮಾನ್ವಿಯ ಮೇಸ್ತ್ರಿಯೊಬ್ಬನಿಗೆ ತೋರಿಸಿದೆ. ಆತ ಬಾನೆಟ್ಟನ್ನೂ ಎತ್ತಲಿಲ್ಲ. ದೀಪ ನೋಡಿದ, ನನ್ನ ಮುಖ ನೋಡಿದ, ಎಲೆ ಅಡಿಕೆ ಉಗಿದು ಬಂದ. “ಬೇರಿಂಗ್ ಸವದಾವ್ರಿ ಅಕ್ಕಾರ. ಪೂರಾ ಇಂಜಿನ್ ಬಿಚ್ಚಬೇಕು. ಬಿಚ್ಚೂದಕ್ಕಿಂತ ಮಾರೂದು ಚೊಲೋ” ಎಂದ. ಅಂದು ಮನೆಗೆ ಬಂದು ಚಾದರದ ಗುಡ್ಡೆಗೆ ಈ ಸುದ್ದಿ ಹೇಳಿದೆ. ಚಾದರದ ಒಳಗಿನಿಂದ ನಮ್ಮವರು, “ಬೇರಿಂಗ್ ಹೋಗಿದ್ರ ರಿಪೇರಿ ಬ್ಯಾಡ. ಗುಜರಿಯವ್ನಿಗೆ ಹೇಳ್ತೀನಿ. ನೀ ಬಸ್ಸಿಗೆ ಹೋಗು, ಆರಾಮ” ಎಂದರು. ಆಮೇಲೆ ಗುಡ್ಡೆ ಆ ಮಗ್ಗುಲಿಗೆ ತಿರುಗಿತು. ನಾನು ಅಡುಗೆಮನೆಗೆ ಹೋಗಿ ಸಾಸಿವೆ ಸಿಡಿಸಿದೆ. ಅಂದು ಅದಕ್ಕೆ ಮೆಲ್ಲಗೆ ಎಂದು ಹೇಳಲಿಲ್ಲ.

ಗುಜರಿಯವನು ಬರುವ ಮೊದಲು ಇನ್ನೊಂದು ಅಭಿಪ್ರಾಯ ಕೇಳೋಣವೆಂದು ರಾಯಚೂರಿನಲ್ಲೇ ಖಾದರ್ ಮೇಸ್ತ್ರಿಯ ಗ್ಯಾರೇಜಿಗೆ ಹೋದೆ. ‘ಕೆಲಸವಿಲ್ಲದ ತಲೆ ಸೈತಾನನ ವರ್ಕ್‌ಶಾಪು’ ಎಂದು ಸಿಸ್ಟರ್ ಹೇಳುತ್ತಿದ್ದಾಗ ನಾನು ಮನಸ್ಸಿನಲ್ಲಿ ಚಿತ್ರಿಸಿಕೊಂಡದ್ದು ಥೇಟ್ ಇಂಥದೇ ಜಾಗವನ್ನು: ಕರಿ ನೆಲ, ಟಯರಿನ ರಾಶಿ, ಮಧ್ಯದಲ್ಲಿ ಗ್ರೀಸ್ ಮೆತ್ತಿಕೊಂಡ ಒಬ್ಬಾತ. ಈತನಿಗೆ ಕೊಂಬು ಮಾತ್ರ ಇರಲಿಲ್ಲ. ಬಾಯಿಗಂತೂ ಬಿಡುವಿರಲಿಲ್ಲ.

“ಯಾವಾಗಿಂದ ಹಿಂಗ್ ಆಗಾಕತ್ತದ ಮೇಡಮ್? ಮುಂಜಾನಿ ಹೆಂಗಿರ್ತದ?”

“ಮುಂಜಾನೆ ಚೆನ್ನಾಗಿರ್ತದ.”

“ಓಡೂವಾಗ?”

“ಓಡುವಾಗ ಏನೂ ಗೊತ್ತಾಗಂಗಿಲ್ಲ. ಎಲ್ಲಾ ಮುಗಿಸಿ ಒಂದು ಕಡೆ ನಿಂತಾಗ ಸುರು ಆಗ್ತದ ನೋಡ್ರಿ.”

“ಒಳಗಿಂದ ಸದ್ದು ಏನರ ಬರ್ತದ?”

“ಇಲ್ಲ” ಎಂದೆ. ಎಂದವಳು ಸೆರಗಿನಿಂದ ಬಾನೆಟ್ಟಿನ ಧೂಳು ಒರೆಸಿದೆ. ಜೀಪಿನ ವಿಷಯಕ್ಕೆ ಅಷ್ಟು ಭಾವುಕಳಾಗುವ ಅಗತ್ಯವಿರಲಿಲ್ಲ.

“ಹಂಗಾದ್ರ ದೀಪನ ಸುಳ್ಳು ಹೇಳಾಕತ್ತದ” ಎಂದು ಖಾದರ್ ತೀರ್ಪು ಕೊಟ್ಟು, ದೀಪಕ್ಕೆ ಸುದ್ದಿ ಮುಟ್ಟಿಸುವ ಸ್ವಿಚ್ಚು ಬದಲಾಯಿಸಿದ. “ಖಾಲಿ ಪೀಲಿ ಅಂಜಬ್ಯಾಡ್ರಿ, ನನ್ನ ಕೈಯಾಗ ಬಂದ ಗಾಡಿ ವಾಪಸ್ ಬಂದಿಲ್ಲ.” ಸ್ಟೇಷನ್ ರಸ್ತೆಯ ಸಂದಣಿಯಲ್ಲಿ ನಿಂತೆ. ಗಿಂಡಿ ಮಿಣುಕಿತು. ಗಾಡಿ ವಾಪಸ್ ಬಂತು.

“ದೀಪ ಖರೇನ ಹೇಳಾಕತ್ತದ, ಸುಳ್ಳು ಹೇಳಿದ್ದು ನಾ” ಎಂದು ಆತ ತಲೆ ಕೆರೆದುಕೊಂಡ. ಸ್ವಿಚ್ಚು ಬಿಚ್ಚಿ ಆ ಜಾಗಕ್ಕೆ ಉದ್ದ ಪೈಪಿನ ಮೀಟರು ತಿರುಗಿಸಿದ. ಡಾಕ್ಟರರು ಬಿಪಿ ನೋಡುವ ಯಂತ್ರದ ಅಣ್ಣನಂತಿತ್ತು. ಇಂಜಿನ್ ಬಿಸಿಯಾಗಿ ನಿಂತಲ್ಲೇ ಗುಡುಗುಡು ಎನ್ನುವಾಗ ಮುಳ್ಳು ತಳ ಹಿಡಿಯಿತು. ಎಕ್ಸಲರೇಟರ್ ಒತ್ತಿದರೆ ಸರ್ರನೆ ಏರಿತು. ಬೇರಿಂಗ್ ಸವೆದಿದ್ದರೆ ಹೀಗೆ ಏರುವುದಿಲ್ಲ, ಒಳಗೆ ಕಟಕಟ ಸದ್ದೂ ಬರುತ್ತದೆ ಎಂದ. ಆಮೇಲೆ ಕಡ್ಡಿ ಎಳೆದು ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದವನೇ ಕಿರುಚಿದ.

“ಯಾ ಅಲ್ಲಾ! ಇದು ಎಣ್ಣಿನೋ ತಿಳಿಸಾರೋ? ಹೊಸಾ ನಮೂನಿ ಕಾರಿಗೆ ಹಾಕೂದಿದು! ಈ ಮುದುಕಿಗೆ ದಪ್ಪ ಎಣ್ಣಿ ಬೇಕು. ಬಿಸಿ ಆದ ಕೂಡ್ಲೆ ನೀರಾಗಿ ಎಲ್ಲಾ ಸಂದಿಯಿಂದ ಜಾರಿ ಹೋಗ್ತದ, ಪ್ರೆಶರ್ ಎಲ್ಲಿಂದ ಬರಬೇಕು? ಯಾರು ಹಾಕಿದ್ರು?”

ಯಾರು ಹಾಕಿದರೋ ನನಗೂ ಗೊತ್ತಿರಲಿಲ್ಲ. ಖಾದರ್ ತೆಳು ಎಣ್ಣೆ ಚೆಲ್ಲಿ, ಫಿಲ್ಟರ್ ಬದಲಿಸಿ, ಕಾಕಂಬಿಯಂಥ ದಪ್ಪ ಎಣ್ಣೆ ಸುರಿದ. “ಮನ್ಯಾಗ ಇನ್ನೊಮ್ಮೆ ನೋಡ್ರಿ. ಬಿಸಿ ಆದಮ್ಯಾಲ ನಿಂತಲ್ಲೇ ಚಾಲೂ ಇಡ್ರಿ. ಒಬ್ರು ದೀಪ ನೋಡ್ಬೇಕು, ಒಬ್ರು ತಳದಾಗ ಸೋರ್ತದೇನು ನೋಡ್ಬೇಕು. ಇಬ್ರು ಬೇಕು” ಎಂದ. ಇಬ್ಬರು! ಇಂಥ ಕಠಿಣ ಚಿಕಿತ್ಸೆ ಬರೆದುಕೊಡುತ್ತಿದ್ದೇನೆಂದು ಪಾಪ ಅವನಿಗೆ ಹೇಗೆ ಗೊತ್ತಾಗಬೇಕು.

ಅವರ ವಾರದ ರಜೆಯ ಸಂಜೆ ಚಹಾ ಕೊಟ್ಟು, ಯಾರೋ ತೆಳು ಎಣ್ಣೆ ಹಾಕಿಸಿದ್ದರಂತೆ ಎಂದೆ. ಅವರು ಚಹಾದ ಕೆನೆಯನ್ನು ಬೆರಳಿನಿಂದ ಬದಿಗೆ ಸರಿಸಿದರು.

“ನಾನ ಹಾಕಿಸಿದ್ದೆ. ನನ್ನ ಬೈಕ್ ಪಂಕ್ಚರ್ ಆದಾಗ ಜೀಪ್ ಒಯ್ದಿದ್ನೆಲ್ಲ, ಅವತ್ತು. ಅಂಗಡ್ಯಾಗ ಎಲ್ಲಾದಕ್ಕಿಂತ ಚೊಲೋದು ಕೊಡು ಅಂದೆ. ನೀ ಒಬ್ಬಾಕಿ ಮಾನ್ವಿಗೆ ಹೋಗ್ತಿ, ದಾರ್ಯಾಗ ಕೈ ಕೊಡಬಾರ್ದಂತ.”

“ಹೇಳಬಾರದೇನ್ರೀ?”

“ನೀ ಮಲಗಿದ್ದಿ. ಎಬ್ಬಿಸಬಾರ್ದಂತ ಸುಮ್ಮನಾದೆ.”

ಅವರನ್ನು ಎಬ್ಬಿಸಬಾರದೆಂದು ನಾನು, ನನ್ನನ್ನು ಎಬ್ಬಿಸಬಾರದೆಂದು ಅವರು. ನಡುವೆ ಜೀಪಿನ ಜೀವ ಹೋಗುತ್ತಿತ್ತು.

ಜೀಪನ್ನು ಒಂದು ಸುತ್ತು ಓಡಿಸಿ ಬಿಸಿ ಮಾಡಿ ಮನೆಯ ಮುಂದೆ ಚಾಲೂ ಇಟ್ಟೆ. ಅವರು ಬಗ್ಗಿ ತಳ ನೋಡಿದರು. ಎಲ್ಲೂ ಸೋರುತ್ತಿರಲಿಲ್ಲ. ಮೊಣಕಾಲ ಮಣ್ಣು ಕೊಡವಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತರು. ಅವರ ಕಿವಿಯ ಹಿಂದೆ ಕೂದಲು ಬೆಳ್ಳಗಾಗಿದ್ದು ನನಗೆ ಆಗಲೇ ಕಂಡಿದ್ದು. ಇಬ್ಬರೂ ಗಿಂಡಿಯನ್ನೇ ನೋಡುತ್ತ ಕೂತೆವು. ಅಕ್ಕನ ಮನೆಯ ಸುದ್ದಿ ಕೇಳಿದರು, ಹೇಳಿದೆ. ಕ್ಯಾಂಟೀನಿನ ಉಪ್ಪಿಟ್ಟಿನ ಬಗ್ಗೆ ಅವರೇ ತಾವಾಗಿ ದೂರು ಹೇಳಿದರು. ಇಂಜಿನ್ ಸದ್ದಿಗೆ ಇಬ್ಬರೂ ಕೂಗಿ ಕೂಗಿ ಮಾತಾಡಬೇಕಾಗಿತ್ತು. ಎಷ್ಟು ಚೆನ್ನಾಗಿತ್ತು! ದೀಪ ಮಾತ್ರ ಹತ್ತಲಿಲ್ಲ. ಖಾದರ್ ಇಷ್ಟು ಚೆನ್ನಾಗಿ ಕೆಲಸ ಮಾಡಬಾರದಿತ್ತು.

“ಸರಿ ಆಗೇದಲ್ಲ, ಬಂದ್ ಮಾಡು” ಎಂದು ಅವರು ಬಾಗಿಲಿಗೆ ಕೈ ಹಾಕಿದರು.

“ಇರ್ರೀ, ಈಗ ಮಿಣುಕಿದಂಗಾತು!” ಎಂದೆ.

ಅವರು ದೀಪ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕೈ ಬಾಗಿಲಿನಿಂದ ಮೆಲ್ಲಗೆ ವಾಪಸು ಬಂತು.

“ಹೌದಲ್ಲ, ನನಗೂ ಕಂಡಂಗಾತು. ಇನ್ನ ಸ್ವಲ್ಪ ಹೊತ್ತು ನೋಡೂಣು.”

ದೀಪ ಎಂದೂ ಸುಳ್ಳು ಹೇಳುವುದಿಲ್ಲ ಎಂಬುದು ಅಂದು ನನಗೆ ಖಚಿತವಾಯಿತು. ಅದರ ಎದುರಿಗೆ ಕೂತ ಇಬ್ಬರ ಬಗ್ಗೆ ಮಾತ್ರ ಆ ಮಾತು ಹೇಳಲಾರೆ. ಡೀಸೆಲ್ ಸುಮ್ಮನೆ ಸುಡುತ್ತಿತ್ತು, ಎದುರು ಮನೆಯವರು ಇಣುಕಿ ನೋಡುತ್ತಿದ್ದರು, ಒಳಗೆ ಚಹಾದ ಕಪ್ಪುಗಳು ತೊಳೆಯದೆ ಬಿದ್ದಿದ್ದವು. ಕಾನ್ವೆಂಟಿನಲ್ಲಿ ಕಲಿತ ನಾನು, ಸಿಸ್ಟರ್ ಮುಂದೆ ಎಂದೂ ಒಂದು ಸುಳ್ಳಾಡದ ನಾನು, ಆರಿದ ದೀಪದ ಕಡೆ ಬೊಟ್ಟು ಮಾಡಿ ಮತ್ತೊಮ್ಮೆ ಹೇಳಿದೆ: “ಅಗೋ, ಮತ್ತ ಮಿಣುಕಿತು ನೋಡ್ರಿ.”