ಇಂಜಿನ್‌ಗೆ ಪೌಡರ್ ಹಾಕಿದ ದಿನ

“ನಮ್ಮ ಕಾರಿನ ಆಯಿಲ್ ಎಲ್ಲಿಂದ ಸೋರ್ತಿದೆ ಅಂತ ಹುಡುಕೋಕೆ ಮೆಕ್ಯಾನಿಕ್ ಯಾಕೆ? ನಾನೇನು ಕೈಗೆ ಬಳೆ ತೊಟ್ಟಿದ್ದೀನಾ?” ಎಂದು ಬೆಳಿಗ್ಗೆ ಎಂಟಕ್ಕೇ ಗುಡುಗಿದೆ.

“ಬಳೆ ತೊಟ್ಟವಳಿಗೆ ಹತ್ತು ಗಂಟೆಗೆ ಇಂಟರ್‌ವ್ಯೂ ಇದೆ ರೀ,” ಎಂದಳು ಹೆಂಡತಿ. ಮ್ಯಾನೇಜರ್ ಹುದ್ದೆ! ಮೂರು ಸಲ ಕೈತಪ್ಪಿ, ನಾಲ್ಕನೆಯ ಸಲ ಕರೆದಿದ್ದರು.

“ಅರ್ಧ ಗಂಟೆ ಸಾಕು ಕಣೇ! ನಾನೇ ಬಿಟ್ಟು ಬರ್ತೀನಿ.”

ಕಾರಿನಡಿ ನುಸುಳಿದೆ. ಕೆಳಗಿನ ಬೋಲ್ಟ್ ಒದ್ದೆ. “ಸಿಕ್ಕಿಬಿದ್ದ ಕಳ್ಳ!” ಎಂದು ಬಿಗಿದೆ. ಒರೆಸಿದೆ, ಮತ್ತೆ ಒದ್ದೆ. ಪಕ್ಕದ ಫಿಲ್ಟರ್ ಕೂಡ ಒದ್ದೆ, ಅದನ್ನೂ ಬಿಗಿದೆ. ಟಪಕ್ಕೆಂದು ಹಣೆಗೇ ಒಂದು ಹನಿ ಬಿತ್ತು. ಇನ್ನು ಬಿಗಿಯಲು ಉಳಿದಿದ್ದು ನನ್ನ ಹಲ್ಲು ಮಾತ್ರ.

ಆಗ ನೆನಪಾಯಿತು ಬ್ರಹ್ಮಾಸ್ತ್ರ! ಇಂಜಿನ್ ಒರೆಸಿ ಪೌಡರ್ ಉದುರಿಸಿದರೆ ಸೋರುವ ಜಾಗ ಮಾತ್ರ ಕಪ್ಪಾಗುತ್ತದೆಂದು ಯಾವುದೋ ವಿಡಿಯೋದಲ್ಲಿ ನೋಡಿದ್ದೆ. ಚಿಟಿಕೆ ಸಾಕೆಂದಿದ್ದರು. ನಾನೋ ಕೊಡುಗೈ ದೊರೆ! ಹೆಂಡತಿಯ ಹೊಸ ಪೌಡರ್ ಡಬ್ಬಿಯನ್ನೇ ಬೋರಲು ಹಾಕಿದೆ, ಇಂಜಿನ್ ಮೇಲೂ, ಮುಂದಿನ ಗಾಜಿನ ಬುಡದ ಜಾಲರಿಯ ಮೇಲೂ.

ಅವಳು ಕಪ್ಪು ಕೋಟು ತೊಟ್ಟು ಬಂದು ಕೂತಳು. ಇಂಜಿನ್ ಶುರು ಮಾಡಿದೆ. “ಅಬ್ಬಾ, ಸೆಖೆ!” ಎನ್ನುತ್ತ ಫ್ಯಾನಿನ ಗುಂಡಿಯನ್ನು ಪೂರ್ತಿ ತಿರುಗಿಸಿದಳು.

ಭುಸ್ಸ್! ಕಾರಿನೊಳಗೆ ಗಾಳಿ ಬರುವುದು ಆ ಜಾಲರಿಯಿಂದಲೇ ಎಂದು ಆಗ ತಿಳಿಯಿತು. ಬಿಳಿ ಮೋಡ ಸರಿದಾಗ ಪಕ್ಕದ ಸೀಟಿನಲ್ಲಿ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಕೆಂಡದಂಥ ಕಣ್ಣು.

ಕೆಳಗಿಳಿದು ಬಾನೆಟ್ ಎತ್ತಿದಳು. ಬಿಳಿಯ ರಾಶಿಯ ನೆತ್ತಿಯಿಂದ ಒಂದೇ ಒಂದು ಕಪ್ಪು ಗೆರೆ ಇಳಿದಿತ್ತು.

“ಆಯಿಲ್ ಹಾಕೋ ಮುಚ್ಚಳ ಸೊಟ್ಟಗೆ ಕೂತಿದೆ. ನಿನ್ನೆ ಆಯಿಲ್ ಹಾಕಿದ್ದು ಯಾರು?”

“ನಾನೇ...”

“ಹೋದ ವಾರ?”

“ಅದೂ...”

“ಎಣ್ಣೆ ಮೇಲಿಂದ ಕೆಳಗೆ ಇಳಿಯತ್ತೆ ಅಂತ ತಿಳಿಯೋಕೆ ಪೌಡರ್ ಬೇಕಿಲ್ಲ ರೀ, ತಲೆ ಬೇಕು!” ಎಂದು ಎರಡೇ ಬೆರಳಲ್ಲಿ ಮುಚ್ಚಳ ತಿರುಗಿಸಿ, ಪೌಡರ್ ಮೆತ್ತಿದ ಕೋಟಿನಲ್ಲೇ ಟ್ಯಾಕ್ಸಿ ಹತ್ತಿ ಹೊರಟೇಹೋದಳು.

ಅವಳ ಎಷ್ಟೋ ದಿನದ ಆಸೆಯನ್ನು ನಾನೇ ಹಾಳು ಮಾಡಿದೆನಲ್ಲ! ಸಂಜೆಯವರೆಗೂ ಅನ್ನ ನೀರಿಲ್ಲದೆ ಸೀಟು ಒರೆಸುತ್ತ ಕೂತೆ.

ಸಂಜೆ ನಗುತ್ತ ಬಂದಳು. “ಕೆಲಸ ಸಿಕ್ತು ರೀ! ಸಿಟ್ಟು ತರಿಸೋರ ಜೊತೆ ತಾಳ್ಮೆಯಿಂದ ಇರ್ತೀರಾ ಅಂತ ಕೇಳಿದ್ರು. ಕೋಟು ತೋರಿಸಿ ಬೆಳಗಿನ ಕಥೆ ಹೇಳ್ದೆ. ಮುಂದಿನ ಪ್ರಶ್ನೆನೇ ಇಲ್ಲ!”

“ನೋಡಿದ್ಯಾ? ಎಲ್ಲಾ ನನ್ನಿಂದ!” ಎಂದು ಎದೆಯುಬ್ಬಿಸಿದೆ.

“ಹೌದು, ನಿಮ್ಮಿಂದಾನೇ. ಆಫೀಸಿನ ಕಾರೂ ಕೊಡ್ತಾರಂತೆ. ಒಂದೇ ಷರತ್ತು.”

“ಏನಂತೆ?”

“ಬಾನೆಟ್ ಹತ್ತಿರ ನನ್ನ ಗಂಡ ಸುಳಿಯಬಾರದಂತೆ. ಆರ್ಡರ್‌ನಲ್ಲೇ ಬರೆದು ಸೀಲ್ ಹಾಕಿದ್ದಾರೆ.”